ಗೋಡೆಯ ತೂತಿನಲ್ಲಿ ಬಂದ ಮಳೆ ಲೆಕ್ಕ

ಮಲ್ಲಂದೂರಿನ ಆ ಮನೆ ಪಾಲಾದಾಗ ಹಜಾರದ ನಡುವೆ ಗೋಡೆ ಎದ್ದಿತು. ಈಚೆ ದೇವೇಂದ್ರಣ್ಣ, ಆಚೆ ತೀರಿಹೋದ ಅವರ ತಮ್ಮನ ಹೆಂಡತಿ ಕುಸುಮಕ್ಕ. ಇಬ್ಬರಿಗೂ ಮಾತಿಲ್ಲ. ಒಬ್ಬರ ಹೊಸಿಲನ್ನು ಇನ್ನೊಬ್ಬರು ತುಳಿಯುವುದಿಲ್ಲ.

ಕುಸುಮಕ್ಕನಿಗೆ ಬೇಕಾಗಿದ್ದು ಮಾವನವರ ಮಳೆ ಲೆಕ್ಕ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಅಳೆದು, ಇಂಚು, ಅದರ ನೂರನೇ ಪಾಲಾದ ಸೆಂಟುಗಳಲ್ಲಿ ಬರೆದು, ಕೊನೆಗೆ ಕಂಪ್ಯೂಟರಿಗೆ ಹಾಕಿದ್ದರು. ಆ ಕಂಪ್ಯೂಟರ್ ದೇವೇಂದ್ರಣ್ಣನ ಪಾಲಿಗೆ ಹೋಗಿತ್ತು. ಈಗ ಮಾರ್ಚ್ ಮೊದಲ ವಾರ, ಕಾಫಿ ಮೊಗ್ಗು ನೀರಿಗೆ ಕಾಯುತ್ತಿದೆ. ಆಕೆಯ ಕೆರೆಯಲ್ಲಿರುವುದು ತೋಟಕ್ಕೆ ಒಂದೇ ಸುತ್ತು ಹಾಯಿಸುವಷ್ಟು ನೀರು. ಅದನ್ನು ಈಗ ಹೂವಿಗೆ ಕೊಟ್ಟರೆ ಇಪ್ಪತ್ತು ದಿನದೊಳಗೆ ಮಳೆ ಬರಲೇಬೇಕು, ಇಲ್ಲದಿದ್ದರೆ ಕಟ್ಟಿದ ಕಾಯಿ ಉಳಿಯುವುದಿಲ್ಲ.

ನಕಲು ಕೊಡಬೇಕೆಂದು ಪಂಚಾಯಿತಿಗೆ ಕೂತ ಹಿರಿಯರು ಹೇಳಿದ್ದರು. ದೇವೇಂದ್ರಣ್ಣ ಒಪ್ಪಿದರು, ಆದರೆ ತಮ್ಮ ಮಿಷನ್ ಹೊಸಿಲು ದಾಟುವುದಿಲ್ಲ, ಆ ಮನೆಯ ಪೆನ್‌ಡ್ರೈವ್ ಒಳಗೆ ಬರುವುದೂ ಇಲ್ಲ ಎಂದರು. ಹಾಗಾಗಿ ಆಲ್ದೂರಿನಿಂದ ಕಂಪ್ಯೂಟರ್ ರಿಪೇರಿಯ ನನ್ನನ್ನು ಕರೆಸಿದರು. ಗೋಡೆಗೆ ತೂತು ಕೊರೆದು ಎರಡೂ ಕಂಪ್ಯೂಟರಿಗೆ ನೇರ ವೈರ್ ಎಳೆದೆ.

ಹೀಗೆ ಜೋಡಿಸಿದಾಗ ಒಂದೊಂದಕ್ಕೂ ಒಂದು ನಂಬರು ಕೊಡಬೇಕು. ಕೊನೆಯ ಅಂಕೆ ಬೇರೆಯಿರಬೇಕು, ಇಲ್ಲದಿದ್ದರೆ ಒಂದನ್ನೊಂದು ಕಾಣುವುದಿಲ್ಲ. ಮೊದಲು ಕೈಹಾಕಿದ್ದು ಕುಸುಮಕ್ಕನ ಕಡೆ, ಅಲ್ಲಿ ಒಂದು ಹಾಕಿದೆ. ಈಚೆ ಎರಡು. ಇದನ್ನು ದೇವೇಂದ್ರಣ್ಣನಿಗೆ ವಿವರಿಸಿ ಹೇಳಿದ್ದು ನನ್ನ ತಪ್ಪು.

ಆಚೆ ಹೋಗಿ ನೋಡಿದರೆ ವೈರ್ ಸಿಕ್ಕಿಸಿದಲ್ಲಿ ಲೈಟು ಉರಿಯುತ್ತಿದೆ, ಫೈಲು ಕಾಣುತ್ತಿಲ್ಲ. ವೈರಿನ ತುದಿ ಕತ್ತರಿಸಿ ಹೊಸದು ಹಾಕಿದೆ. ಹೊರಗಿನದನ್ನು ಒಳಬಿಡದ ಫೈರ್‌ವಾಲ್ ಆಫ್ ಮಾಡಿದೆ. ಬೇಕಂತಲೇ ಹಾಳುಮಾಡಿದ್ದಾರೆ ಎಂದು ಕುಸುಮಕ್ಕ ಗೋಡೆಗೆ ಕೇಳುವಂತೆ ಹೇಳಿದರು. ವೈರ್ ಕಡಿಯೋ ಇಲಿ ಆಚೆ ಮನೆಯಲ್ಲೇ ಜಾಸ್ತಿ ಎಂದು ಗೋಡೆಯಿಂದ ಉತ್ತರ ಬಂತು.

ಒಂದು ಗಂಟೆ ಹೆಣಗಿ ಈಚೆ ಬಂದು ನೋಡಿದೆ. ಎರಡು ಇದ್ದಲ್ಲಿ ಒಂದು ಇತ್ತು.

"ನಾನು ಈ ಮನೆ ಹಿರಿಮಗ ಮಾರಾಯ. ಅವ್ಳಿಗೆ ಒಂದು, ನಂಗೆ ಎರಡಾ?"

ಸರಿ, ಕುಸುಮಕ್ಕ ಎರಡಾಗಲಿ ಎಂದು ಆಚೆ ಹೋದೆ. ಅವರು ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತರು.

"ಎರಡನೆಯವ್ರಾಗಿ ನಮ್ಮವ್ರು ಸವೆದದ್ದು ಸಾಕು. ನಾನಂತೂ ಆಗಲ್ಲ."

ಹತ್ತು, ಹನ್ನೊಂದು ಕೊಟ್ಟರೂ ಯಾವುದು ದೊಡ್ಡದೆಂದು ಜಗಳವಾಗುತ್ತಿತ್ತು. ಎರಡರಲ್ಲೂ ನಾನು ಹಾಕಿದ್ದನ್ನು ಅಳಿಸಿ, ನಂಬರನ್ನು ಮಿಷನ್ನೇ ಆರಿಸಿಕೊಳ್ಳುವಂತೆ ಬಿಟ್ಟೆ. ಯಾರಿಗೆ ಏನು ಬಂತೆಂದು ಇಬ್ಬರಿಗೂ ಹೇಳಲಿಲ್ಲ. ಎರಡು ನಿಮಿಷದಲ್ಲಿ ಫೈಲು ಆಚೆ ಬಂತು.

ಕುಸುಮಕ್ಕ ಒಂದೊಂದು ವರ್ಷದ ಮಾರ್ಚನ್ನೂ ಬೆರಳಿಟ್ಟು ಓದಿದರು. ಮೂವತ್ತರಲ್ಲಿ ಇಪ್ಪತ್ತೆರಡು ವರ್ಷ ಇದೇ ತಾರೀಖಿನಿಂದ ಇಪ್ಪತ್ತು ದಿನದೊಳಗೆ ಮಳೆ ಬಿದ್ದಿತ್ತು. ಎದ್ದು ತೋಟದ ಮೇಸ್ತ್ರಿಯನ್ನು ಕರೆದು, ಇವತ್ತೇ ಪೈಪ್ ಜೋಡಿಸು ಎಂದರು.

ನಾನು ಚೀಲ ತೆಗೆದುಕೊಳ್ಳಲು ಈಚೆ ಬಂದಾಗ ದೇವೇಂದ್ರಣ್ಣ ಜಗಲಿಯಲ್ಲಿದ್ದರು. ಅವರ ತೋಟದ ಮೊಗ್ಗೂ ಕಾಯುತ್ತಿತ್ತು, ಅವರ ಕೆರೆಯಲ್ಲೂ ಒಂದೇ ಸುತ್ತಿನ ನೀರಿತ್ತು. ಅದೇ ಲೆಕ್ಕ ಮನೆ ಪಾಲಾದಂದಿನಿಂದ, ನಾಲ್ಕು ವರ್ಷ, ಅವರ ಮನೆಯಲ್ಲೇ ಇತ್ತು.

"ಏನಂದ್ಲು ಅವ್ಳು? ನೀರು ಬಿಡ್ತಾಳಂತಾ, ಕಾಯ್ತಾಳಂತಾ?"

"ನೀವೇ ಕೇಳಿ ದೇವೇಂದ್ರಣ್ಣ. ಗೋಡೆ ತೂತು ಇನ್ನೂ ಮುಚ್ಚಿಲ್ಲ."

ಅವರು ವೈರ್ ಕಿತ್ತು ತೂತಿಗೆ ಸಿಮೆಂಟ್ ಮೆತ್ತು ಎಂದರು. ಮೆತ್ತುತ್ತಿರುವಾಗ ಕೆಳಗೆ ಕುಸುಮಕ್ಕನ ಕೆರೆಯ ಮೋಟಾರ್ ಶುರುವಾಯಿತು. ದೇವೇಂದ್ರಣ್ಣ ಅದು ನಿಲ್ಲದೆ ಓಡುವುದನ್ನು ಸ್ವಲ್ಪ ಹೊತ್ತು ಕೇಳಿ, ಫೋನ್ ತೆಗೆದು ತೋಟದ ಆಳು-ಲೆಕ್ಕ ನೋಡುವ ತಮ್ಮ ರೈಟರಿಗೂ ಪೈಪ್ ಹಾಕಿಸಲು ಹೇಳಿದರು.