ಮೂರನೇ ನಡೆಯ ಒಂಟೆ

"ಏನಮ್ಮಾ ಉಮಾ, ಎರಡನೇ ನಡೆಗೇ ಒಂಟೆ ಹೊರಡಿಸ್ಬಿಟ್ಯಾ? ಕುದುರೆಗಳಿನ್ನೂ ಲಾಯದಲ್ಲೇ ಮಲಗಿವೆ!"

ರಾಮಪ್ರಸಾದರ ಮಾತಿಗೆ ಕ್ಯಾಂಟೀನಿನಲ್ಲಿ ಸುತ್ತ ನಿಂತಿದ್ದ ಸಹೋದ್ಯೋಗಿಗಳೆಲ್ಲ ನಕ್ಕರು. ಉಮಾಮಹೇಶ್ವರಿ ನಗಲಿಲ್ಲ. ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ದಾಟಿಸಿ, ಮರುನಡೆಗೇ ಒಂಟೆಯನ್ನು ಎದುರಾಳಿಯ ಕುದುರೆಯ ಮೇಲೆ ಬಿಡುವುದು ಅವಳು ಬೇಕೆಂದೇ ಆಡುವ ಆಟ.

ಜಯನಗರ ನಾಲ್ಕನೇ ಬ್ಲಾಕಿನ ಆ ಬ್ಯಾಂಕಿನಿಂದ ನಾಲ್ವರು ಮೈಸೂರಿನ ಚೆಸ್ ಪಂದ್ಯಕ್ಕೆ ಹೋಗುವವರಿದ್ದರು. ಮೂವರ ಆಯ್ಕೆ ಮುಗಿದಿತ್ತು. ಇವತ್ತು ಗೆದ್ದವರು ನಾಲ್ಕನೆಯವರು. ಆದರೆ ಆಟ ಶುರುವಾಗುವ ಮೊದಲೇ ಕ್ರೀಡಾ ಸಂಘದ ಕಾರ್ಯದರ್ಶಿ ಜಯಸಿಂಹ ಕರಿಹಲಗೆಯ ಮೇಲೆ ನಾಲ್ಕರ ಮುಂದೆ ರಾಮಪ್ರಸಾದರ ಹೆಸರು ಬರೆದಿಟ್ಟಿದ್ದ. ಕೇಳಿದರೆ, "ಅಳಿಸೋಕೆ ಎಷ್ಟೊತ್ತು ಮೇಡಂ?" ಎಂದಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

ರಾಮಪ್ರಸಾದರ ಕುದುರೆ ಜಿಗಿದು ಒಂಟೆಯನ್ನು ಹೊಡೆಯಲು ನಿಂತಿತು. ಮೂರನೇ ನಡೆಗೆ ಅವಳು ಒಂಟೆಯನ್ನು ಹಿಂದೆ ತೆಗೆಯಲಿಲ್ಲ. ಮೂಲೆಯ ಆನೆಯ ಮುಂದಿದ್ದ ಕಾಲಾಳನ್ನು ಅದರ ಬೆಂಬಲಕ್ಕೆ ತಳ್ಳಿದಳು.

"ಅಯ್ಯೋ, ಒಂಟೆ ಹೋಗುತ್ತಲ್ಲಮ್ಮಾ! ಹೆಣ್ಣುಮಕ್ಕಳ ಹತ್ರ ಹೀಗೆಲ್ಲಾ ಗೆಲ್ಲಬಾರದು. ತಗೋ, ಇನ್ನೊಂದ್ಸಲ ಆಡು," ಎಂದು ರಾಮಪ್ರಸಾದರು ಅವಳ ಒಂಟೆಯನ್ನೆತ್ತಿ ಅದರ ಮನೆಗೆ ಒಯ್ದಿಟ್ಟರು. ಕ್ಯಾಂಟೀನಿನ ಆಟದಲ್ಲಿ ಹೆಂಗಸರಿಗೆ ನಡೆ ವಾಪಸ್ಸು ಕೊಡುವುದು ಅಲ್ಲಿನ ಗಂಡಸರ ಪದ್ಧತಿ. ಅದನ್ನು ಅವರು ಮರ್ಯಾದೆ ಎಂದುಕೊಂಡಿದ್ದರು.

"ನನ್ನ ಕಾಯಿ ಮುಟ್ಟಿದ್ರಿ ಸಾರ್. ಮುಟ್ಟಿದ ಕಾಯಿ ಹೊಡೀಲೇಬೇಕು ಅನ್ನೋದು ರೂಲ್ಸು."

"ನಿನ್ನ ಒಳ್ಳೇದಕ್ಕೇ ಕಣಮ್ಮಾ."

"ನಾನಿಲ್ಲಿ ಭಿಕ್ಷೆಗೆ ಕೂತಿಲ್ಲ! ಜಯಸಿಂಹ ಸಾರ್, ಆಟಕ್ಕೆ ಮುಂಚೆ ರೂಲ್ಸ್ ಓದಿ ಹೇಳಿದೋರು ನೀವೇ ಅಲ್ವಾ?"

"ಹೋಗ್ಲಿ ಬಿಡಿ ಮೇಡಂ, ದೊಡ್ಡೋರು…"

"ದೊಡ್ಡೋರಿಗೆ ಬೇರೆ ರೂಲ್ಸಾ?"

ಅವಳು ಒಂಟೆಯನ್ನು ತಾನೇ ತೆಗೆದು, ಅವರು ಎತ್ತಿದ್ದ ಮನೆಯಲ್ಲೇ ಮತ್ತೆ ಕುಕ್ಕಿದಳು. ರಾಮಪ್ರಸಾದರು ಮುಖ ಗಂಟಿಕ್ಕಿಕೊಂಡು ಕುದುರೆಯಿಂದ ಅದನ್ನು ಹೊಡೆದರು. ಅವಳ ಕಾಲಾಳು ಆ ಕುದುರೆಯನ್ನು ಹೊಡೆದು ಪಕ್ಕದ ಸಾಲಿಗೆ ಸರಿಯಿತು. ಮೂಲೆಯ ಆನೆಗೆ ದಾರಿ ತೆರೆಯಿತು. ಆಮೇಲೆ ರಾಮಪ್ರಸಾದರು ಸಿಟ್ಟಿನಲ್ಲಿ ಆಡಿದರು. ಅದೇ ದಾರಿಯಲ್ಲಿ ಆನೆ ಅವರ ರಾಜನವರೆಗೂ ಬಂತು.

ಕೊನೆಗೆ ಅವರು ರಾಜನನ್ನು ಮಲಗಿಸಿ ಸೋಲೊಪ್ಪಿ, ಎದ್ದುಹೋದರು. ಜಯಸಿಂಹ ಮೇಜಿನ ಮೇಲೆ ಕೆಳಗೆ ಹುಡುಕಿದ. "ಡಸ್ಟರ್ ಕಾಣಿಸ್ತಿಲ್ಲ ಮೇಡಂ. ನಾಳೆ ಅಳಿಸಿದ್ರಾಯ್ತು."

ಉಮಾಮಹೇಶ್ವರಿ ಎದ್ದು ಹೋಗಿ ಅಂಗೈಯಿಂದಲೇ ಹೆಸರನ್ನು ಒರೆಸಿದಳು. ನಾಲ್ಕು ಎಂಬ ಅಂಕಿ ಮಾತ್ರ ಉಳಿಯಿತು. ಸೀಮೆಸುಣ್ಣಕ್ಕಾಗಿ ಆ ಬಿಳಿಯಾದ ಕೈಯನ್ನೇ ಜಯಸಿಂಹನ ಮುಂದೆ ಚಾಚಿ ನಿಂತಳು.