ಭಟ್ಟರ ಪಟ್ಟೆಯ ಮೇಲೊಂದು ಮೀನು

ಕತಾರಿನ ಅಲ್ ಅಜೀಜಿಯಾದ ಫ್ಲ್ಯಾಟೊಂದರಲ್ಲಿ ಶುಕ್ರವಾರ ಬೆಳಿಗ್ಗೆ, ಸತ್ಯನಾರಾಯಣ ಪೂಜೆಗೆ ಮಂಡಲ ಬರೆಯಲು ಬಗ್ಗಿದ ಮುದ್ದುಕೃಷ್ಣ ಭಟ್ಟರ ಪಟ್ಟೆಮಡಿ ಹಿಂಭಾಗದಲ್ಲಿ ಪರ್ರನೆ ಹರಿಯಿತು. ಸದ್ದು ಅಡುಗೆಮನೆಯವರೆಗೂ ಕೇಳಿತು. ಭಟ್ಟರು ಬಗ್ಗಿದವರು ಬಗ್ಗಿಯೇ ಉಳಿದರು. ಎದ್ದರೆ ಇನ್ನಷ್ಟು ಹರಿಯುವ ಭಯ, ಕೂತರೆ ಪೂರ್ತಿ ಹರಿಯುವ ಖಾತ್ರಿ.

ಭಟ್ಟರು ವಾರವಿಡೀ ಇನ್ಶೂರೆನ್ಸ್ ಆಫೀಸೊಂದರಲ್ಲಿ ಕೂತು ಜನರ ಕ್ಲೇಮುಗಳನ್ನು ತಳ್ಳಿಹಾಕುತ್ತಿದ್ದರು. ರಜೆಯ ಶುಕ್ರವಾರ ಮಾತ್ರ ದೇವರ ಕೆಲಸ. ಆ ರೇಷ್ಮೆ ಪಟ್ಟೆ ಅವರ ಮದುವೆಯದ್ದು. ಅಂದಿನಿಂದ ಸೊಂಟ ಬೆಳೆದಿತ್ತು, ಪಟ್ಟೆ ಬೆಳೆದಿರಲಿಲ್ಲ.

"ಬೇರೆ ಪಟ್ಟೆ ಉಂಟಾ ಭಟ್ರೇ?" ಮನೆಯೊಡತಿ ಭವ್ಯಶ್ರೀ ಬಾಗಿಲ ಮರೆಯಿಂದ ಕೇಳಿದಳು.

"ಮಾಫಿ, ಇಲ್ಲ. ಇದೊಂದೇ. ಸಂಜೆ ಅಲ್ ರಯ್ಯಾನಿನಲ್ಲಿ ಹೇಮಲತಾ ಮೇಡಂ ಮನೆ ಪೂಜೆ ಬೇರೆ ಉಂಟು."

ಭವ್ಯಶ್ರೀಯ ಗಂಡ ಅಕ್ಷಿತ್ ತನ್ನ ಬಿಳಿ ಪಂಚೆ ತಂದುಕೊಟ್ಟ. ಭಟ್ಟರು ಅದನ್ನುಟ್ಟು ಪೂಜೆ ಶುರು ಮಾಡಿದರು. ಹರಿದ ಪಟ್ಟೆ ಭವ್ಯಶ್ರೀಯ ಕೈಗೆ ಹೋಯಿತು.

ಮಲ್ಪೆಯ ಮೀನುಗಾರರ ಮನೆಯ ಹುಡುಗಿ ಅವಳು. ಹರಿದ ಬಟ್ಟೆ ಕಂಡರೆ ಅವಳಿಗೆ ಹಬ್ಬ. ತೂತಿನ ಮೇಲೆ ಕಸೂತಿಯ ತೇಪೆ ಹಾಕಿ, ಹೊಸ ಬಟ್ಟೆಗಿಂತ ಜೋರು ಮಾಡಿಬಿಡುತ್ತಿದ್ದಳು. ಅಕ್ಷಿತನ ಪ್ಯಾಂಟಿನ ಮೊಣಕಾಲ ಮೇಲೆ ಏಡಿ, ಅಂಗಿಯ ಜೇಬಿನ ಮೇಲೆ ಸಿಗಡಿ. ಅವನು ಕೆಲಸ ಮಾಡುವ ಮೆಸಯೀದ್ ಪ್ಲಾಂಟಿನ ಗೆಳೆಯರು ಅವನನ್ನು 'ಫಿಶ್ ಮಾರ್ಕೆಟ್' ಎಂದೇ ಕರೆಯುತ್ತಿದ್ದರು.

ಪಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನೂಲು ಪೂರಾ ಜೀರ್ಣವಾಗಿತ್ತು. ಬರೀ ಹೊಲಿಗೆ ನಿಲ್ಲುವುದಿಲ್ಲ, ತೇಪೆಯೇ ಬೇಕು. ಅಷ್ಟಗಲದ್ದು, ಅದೂ ರೇಷ್ಮೆಯದ್ದು, ಅವಳ ಪೆಟ್ಟಿಗೆಯಲ್ಲಿ ಒಂದೇ ಇತ್ತು. ಹಳೆ ಸೀರೆಯ ತುಂಡಿನ ಮೇಲೆ ಜರಿಯ ಹೊಟ್ಟೆ, ಹಸಿರು ಬೆನ್ನು, ಕರಿ ಗೆರೆಗಳು. ಅಸಲಿ ಬಂಗುಡೆ ಮೀನು. ಭವ್ಯಶ್ರೀ ಒಂದು ಗಳಿಗೆ ದೇವರ ಕೋಣೆಯ ಕಡೆ ನೋಡಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿದಳು.

ಊಟವಾದ ಮೇಲೆ ಭಟ್ಟರು ಪಟ್ಟೆ ಬಿಡಿಸಿ ನೋಡಿ ದಂಗಾದರು.

"ಇದೆಂಥದು?"

"ಮೀನು ಭಟ್ರೇ."

"ಅದು ಕಾಣ್ತದೆ. ಎಂಥ ಮೀನು?"

"ಮತ್ಸ್ಯಾವತಾರ."

"ಮತ್ಸ್ಯಾವತಾರಕ್ಕೆ ಬೆನ್ನಲ್ಲಿ ಹಸಿರು ಬಣ್ಣ ಇರ್ತದಾ?"

"ಪ್ರಳಯದ ನೀರಲ್ಲವಾ, ಪಾಚಿ ಹಿಡಿದಿರ್ಬಹುದು."

ಭಟ್ಟರು ಉಡುಪಿಯವರು. ಬಂಗುಡೆ ತಿಂದಿರಲಿಲ್ಲ, ಆದರೆ ಕಂಡಿರಲಿಲ್ಲ ಎನ್ನುವ ಹಾಗಿಲ್ಲ. "ಅದಿರಲಿ, ಹೊಲಿದ ಬಟ್ಟೆ ಮಡಿಗಾಗ್ತದಾ?" ಎಂದರು.

"ಹರಿದದ್ದು ಆಗ್ತದಾ?"

ಶಾಸ್ತ್ರದಲ್ಲಿ ಅದೂ ನಿಷಿದ್ಧವೇ. ಎರಡು ದೋಷಗಳಲ್ಲಿ ಮಾನ ಮುಚ್ಚುವ ದೋಷವೇ ವಾಸಿ ಎಂದುಕೊಂಡು ಭಟ್ಟರು ಪಟ್ಟೆ ಮಡಚಿ ಚೀಲಕ್ಕೆ ಹಾಕಿದರು.

ಸಂಜೆ ಹೇಮಲತಾ ಮೇಡಂ ವಿಲ್ಲಾದಲ್ಲಿ ಎಲ್ಲರೂ ಮೈಸೂರಿನ ಕಡೆಯವರು. ಸಮುದ್ರವನ್ನು ಅವರು ರಜೆಯಲ್ಲಿ ಮಾತ್ರ ನೋಡಿದವರು. ಮೀನಿನ ಜಾತಿ ಯಾರಿಗೂ ಗೊತ್ತಿರಲಿಲ್ಲ. ಭಟ್ಟರಿಗೆ ಧೈರ್ಯ ಬಂತು. ಮಂಗಳಾರತಿಗೆ ಎದ್ದು, ದೇವರತ್ತ ಸ್ವಲ್ಪ ಬಾಗಿ, ಗಂಟೆ ಬಾರಿಸತೊಡಗಿದರು. ಅವರ ಬೆನ್ನ ಹಿಂದೆಯೇ ಹೇಮಲತಾಳ ಅತ್ತೆ ನಿಂತಿದ್ದರು. ವಿಸಿಟ್ ವೀಸಾದಲ್ಲಿ ಬಂದಿದ್ದ ತುಂಬು ಭಕ್ತೆ. ಕರ್ಪೂರದ ಬೆಳಕಿನಲ್ಲಿ ಜರಿಯ ಮೀನು ಮಿರಮಿರ ಮಿಂಚಿತು. ಅಜ್ಜಿ "ನಾರಾಯಣಾ!" ಎಂದು ಎರಡೂ ಕೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಭಟ್ಟರು ಜಿಗಿದ ಜಿಗಿತಕ್ಕೆ ಗಂಟೆ ಹೋಗಿ ಸಜ್ಜಿಗೆಯ ಪಾತ್ರೆಯಲ್ಲಿ ಬಿತ್ತು.

"ಅತ್ತೇ! ಏನ್ ಮಾಡ್ತಿದೀರಿ?" ಹೇಮಲತಾ ಕೂಗಿದಳು.

"ದೇವರು ಎಲ್ಲಿದ್ದರೂ ದೇವರೇ ಕಣೇ," ಎಂದರು ಅಜ್ಜಿ ನಿರಾಳವಾಗಿ. ಅವರ ಹಿಂದೆ ನಿಂತಿದ್ದ ಇನ್ನಿಬ್ಬರು ಹೆಂಗಸರೂ ಕೈ ಚಾಚುವುದರೊಳಗೆ ಭಟ್ಟರು ಗೋಡೆಗೆ ಬೆನ್ನು ಕೊಟ್ಟಿದ್ದರು.

ಅಷ್ಟರಲ್ಲಿ ಯಾರೋ ಫೋಟೋ ತೆಗೆದಾಗಿತ್ತು. ವಾರದ ಮೊದಲ ಕೆಲಸದ ದಿನ ಭಾನುವಾರ ಭಟ್ಟರು ಆಫೀಸಿಗೆ ಕಾಲಿಡುವಷ್ಟರಲ್ಲಿ ಅದು ಕರಾವಳಿಯ ವಾಟ್ಸ್ಯಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು. ಪಕ್ಕದ ಮೇಜಿನ ಮಂಗಳೂರಿನ ರೋಶನ್ ಮೆಲ್ಲಗೆ ಕೇಳಿದ, "ಭಟ್ರೇ, ಬಂಗುಡೆ ತಾಜಾ ಉಂಟಾ?"

ಆ ಸಂಜೆಯೇ ಭಟ್ಟರು ಭವ್ಯಶ್ರೀಯ ಮನೆಗೆ ಬಂದು ಪಟ್ಟೆಯನ್ನು ಸೋಫಾದ ಮೇಲೆ ಎಸೆದರು. "ತೆಗಿ ಇದನ್ನ. ಖಲಾಸ್. ನನ್ನ ಮಾನ ಸಂತೆಗೆ ಹೋಯ್ತು."

"ತೆಗೆದ್ರೆ ತೂತು ಉಳಿಯುದು, ಭಟ್ರೇ."

"ಸುಳ್ಳು ಹೇಳಿದ್ದು ಯಾಕೆ? ಮತ್ಸ್ಯಾವತಾರವಂತೆ!"

ಭವ್ಯಶ್ರೀಗೆ ನಗು ಬಂತು, ಆಮೇಲೆ ಯಾಕೋ ಬರಲಿಲ್ಲ. "ಮೀನು ಅಂದ್ರೆ ನನ್ನ ಕೈಗೆ ಬರುದು ಇದೇ. ನಮ್ಮ ಮನೆಯಲ್ಲಿ ಅಮ್ಮ ಬುಟ್ಟಿ ಎತ್ತುವ ಮೊದಲು ಇದಕ್ಕೇ ಕೈ ಮುಗೀತಿದ್ರು. ನಾನು ಓದಿದ್ದು, ಇಲ್ಲಿಗೆ ಬಂದದ್ದು, ಎಲ್ಲ ಇದರಿಂದಲೇ. ನಂಗೆ ಅದು ಅಂಥ ದೊಡ್ಡ ಸುಳ್ಳು ಅಂತ ಅನ್ನಿಸಲಿಲ್ಲ."

ಅದೇ ಹೊತ್ತಿಗೆ ಭಟ್ಟರ ಫೋನು ರಿಂಗಾಯಿತು. ಹೇಮಲತಾ. "ಭಟ್ರೇ, ಬೇಜಾರು ಮಾಡ್ಕೋಬೇಡಿ. ಅತ್ತೆ ಊರಿಗೆ ಹೊರಡೋ ಮುಂಚೆ ಇನ್ನೊಂದು ಪೂಜೆ ಆಗ್ಬೇಕಂತೆ. ಅದೇ ಪಟ್ಟೆ ಉಟ್ಕೊಂಡ್ ಬರ್ಬೇಕಂತೆ."

ಭಟ್ಟರು ಫೋನಿಟ್ಟು ಪಟ್ಟೆಯನ್ನು ಸೋಫಾದಿಂದ ಎತ್ತಿ ಬಿಡಿಸಿದರು. ಮೊಣಕಾಲಿನ ಭಾಗವನ್ನು ಬೆರಳಿನಿಂದ ಒತ್ತಿ ತೋರಿಸಿದರು. "ಇಲ್ಲಿಯೂ ಬಟ್ಟೆ ಸವೆದಿದೆ. ಒಂದು ಆಮೆ ಹಾಕು. ಆಮೆ ಮಾಡ್ಲಿಕ್ಕೆ ಬರ್ತದಲ್ಲ?"

"ಕಲಿತೇನೆ. ಇನ್ನೊಂದು ಕಾಲಿಗೆ ವರಾಹ?"

"ಮಾರಾಯ್ತೀ, ಕತಾರಿನಲ್ಲಿ ನಾನು ಕೆಲಸ ಮಾಡಿಕೊಂಡು ಇರ್ಬೇಕಾ ಬೇಡವಾ?"

ಮುಂದಿನ ಶುಕ್ರವಾರ ವಿಲ್ಲಾದಲ್ಲಿ ಭಟ್ಟರು ಜಾಗ್ರತೆಯಿಂದಿದ್ದರು. ಪೂಜೆಯುದ್ದಕ್ಕೂ ಗೋಡೆಗೆ ಬೆನ್ನು ಕೊಟ್ಟೇ ಕೂತರು. ಆರತಿಯನ್ನೂ ಅಡ್ಡ ನಿಂತು ಏಡಿಯ ಹಾಗೆ ಸರಿಯುತ್ತ ಎತ್ತಿದರು. ಪ್ರಸಾದ ಹಂಚಿದ್ದಾಯಿತು, ಜನ ತಟ್ಟೆ ಹಿಡಿದು ಊಟದ ಕಡೆ ಹೋದರು. ಅಜ್ಜಿ ಮಾತ್ರ ಅಲ್ಲೇ ನಿಂತಿದ್ದರು.

"ನಾಳಿದ್ದು ನನ್ನ ವಿಮಾನ," ಎಂದರು. "ಮತ್ತೆ ಬರ್ತೀನೋ ಇಲ್ವೋ. ಸ್ವಲ್ಪ ಆ ಕಡೆ ತಿರುಗಪ್ಪ."

ಭಟ್ಟರು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ಕಣ್ಣು ಮುಚ್ಚಿಕೊಂಡು ತಿರುಗಿದರು.