ವಿಮಾನದ ರೇಸಿನ ಬೆಳ್ಳಿ ಕಪ್

ನಮ್ಮತ್ತೆ ಚಂದ್ರಾವತಿಯವರು ಯುಗಾದಿಗೆಂದು ಬೆಂಗಳೂರಿನಿಂದ ಐರ್ಲೆಂಡಿನ ನೇಸ್‌ಗೆ ಬಂದವರು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡರು. ಮಗ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಬೇರೆ ರೂಮಿನಲ್ಲಿ ಮಲಗುತ್ತಿದ್ದ. ಸೊಸೆ ನಾನು ಬೆಳಗಿನಿಂದ ಲ್ಯಾಪ್‌ಟಾಪಿನ ಮುಂದೆ. ಅತ್ತೆಗೆ ಸಿಕ್ಕವರು ಪಕ್ಕದ ಮನೆಯ ಮುದುಕ ಟಿಯರ್ನಿ ಒಬ್ಬರೇ. ಅವರ ಇಂಗ್ಲಿಷು ಇವರಿಗೆ ಬಾರದು, ಇವರ ಕನ್ನಡ ಅವರಿಗೆ ತಿಳಿಯದು. ಆದರೂ ಹಿತ್ತಲಿನ ಮೋಟುಗೋಡೆಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಹರಟಿದ್ದೇ ಹರಟಿದ್ದು.

ಹರಟೆಯೆಲ್ಲ ವಿಮಾನದ್ದು. ಟಿಯರ್ನಿ ಪ್ರಾಯದಲ್ಲಿ ಸಣ್ಣ ವಿಮಾನಗಳ ರೇಸಿಗೆ ಇಳಿದವರು. ಹಳೇ ಪೋಸ್ಟರು, ತಮ್ಮ ವಿಮಾನದ ನಂಬರ್ ಬರೆದಿದ್ದ ಬಟ್ಟೆಯ ತುಂಡು, ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬಂದ ಏರ್ ಶೋಗಳ ಫೋಟೋ, ಎಲ್ಲ ತಂದು ತೋರಿಸುವರು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಮಾವ ಮದುವೆಯಾದ ಹೊಸತರಲ್ಲಿ ಏರ್ ಶೋಗೆ ಕರೆದೊಯ್ದದ್ದನ್ನು ಅತ್ತೆ ಕೈಯನ್ನೇ ರೆಕ್ಕೆ ಮಾಡಿ ಹೇಳುವರು. ಬಾಳಿನ ಜೊತೆ ಕಳೆದುಕೊಂಡ ಇಬ್ಬರೂ ಆಕಾಶ ನೋಡಿ ನಗುವುದನ್ನು ನಾನು ಕೆಲಸ ಬಿಟ್ಟು ಕಿಟಕಿಯಿಂದ ನೋಡುತ್ತಿದ್ದೆ.

ಟಿಯರ್ನಿಯ ಜೀವವೆಲ್ಲ ಇದ್ದದ್ದು ಒಂದು ಬೆಳ್ಳಿ ಕಪ್‌ನಲ್ಲಿ. ರೇಸು ಗೆದ್ದ ದಿನ ಅವರ ಹೆಂಡತಿ ಮೋರಾ ಅದರಲ್ಲಿ ಶಾಂಪೇನ್ ಕುಡಿದಿದ್ದಳಂತೆ. ಅಂಚಿನಲ್ಲಿ ಅವಳ ಲಿಪ್‌ಸ್ಟಿಕ್ಕಿನ ಗುರುತು ಮಾಸಲಾಗಿ ಉಳಿದಿತ್ತು. ಅವಳು ಸತ್ತ ಮೇಲೂ ಅವರು ಅದನ್ನು ತೊಳೆದವರಲ್ಲ. ಇದನ್ನು ನನಗೂ ಹೇಳಿದ್ದರು, ಅತ್ತೆಗೂ ಹೇಳಿದ್ದರು, ಇಂಗ್ಲಿಷಿನಲ್ಲಿ. ಅತ್ತೆಯೋ ಎಲ್ಲದಕ್ಕೂ ತಲೆಯಾಡಿಸುವವರು!

ಒಂದು ಮಧ್ಯಾಹ್ನ ಮೀಟಿಂಗ್ ಮುಗಿಸಿ ಅಡುಗೆಮನೆಗೆ ಹೋದರೆ ಆ ಕಪ್ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿತ್ತು. ಒಳಗೆ ಗಸಗಸೆ ಪಾಯಸ.

"ಅತ್ತೆ, ಇದನ್ನ ತೊಳೆದ್ರಾ?"

"ತೊಳೀದೆ ಇರ್ತಾರಾ? ಈ ಕಾಯಿಲೆ ಕಾಲ್ದಲ್ಲಿ ಹಾಲಿನ ಪ್ಯಾಕೆಟ್ಟನ್ನೇ ತೊಳೀತೀಯ. ನೋಡಕ್ಕೆ ಅಂತ ಕೊಟ್ರು, ಪಾಪ, ಕಪ್ಪಗಾಗಿತ್ತು. ವಿಭೂತಿ ಹಾಕಿ ತಿಕ್ಕಿದೆ. ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ, ಅದಕ್ಕೇ ಪಾಯಸ."

ಕೋಪ ನೆತ್ತಿಗೇರಿತು. ಆ ಗುರುತು ಯಾರದೆಂದು ಒಂದೇ ಉಸಿರಿಗೆ ಒದರಿಬಿಟ್ಟೆ. ಅತ್ತೆ ಬಗ್ಗಿ ಕಪ್ಪಿನ ಅಂಚನ್ನೆಲ್ಲ ಹುಡುಕಿದರು.

"ಅಯ್ಯೋ ರಾಮ, ಆ ಮುತ್ತೈದೆ ಗುರುತು ಅಳಿಸಿಬಿಟ್ಟೆನಲ್ಲೇ!"

ಆಮೇಲೆ ಮಾಸ್ಕ್ ಕಟ್ಟಿಕೊಂಡು ಕಪ್ ಎತ್ತಿಕೊಂಡರು. "ನಾನೇ ಕೊಡ್ತೀನಿ. ನೀನು ಬಂದು ಇಂಗ್ಲಿಷಲ್ಲಿ ಹೇಳು."

ಕಪ್ ಅನ್ನು ಗೋಡೆಯ ಮೇಲಿಟ್ಟು, ದೂರ ಸರಿದು, ಕೈಮುಗಿದು ನಿಂತರು. ನಾನು ತಡವರಿಸುತ್ತ ಎಲ್ಲ ಹೇಳಿದೆ. ಟಿಯರ್ನಿ ಕಪ್ ಎತ್ತಿಕೊಂಡು ಅಂಚಿನ ಸುತ್ತ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಅಳಿಸಿಹೋದೀತು ಅಂತ ಹೆದರಿ ಇಷ್ಟು ವರ್ಷ ನಾನು ಇದಕ್ಕೆ ಬಾಯಿಟ್ಟಿರಲಿಲ್ಲ" ಅಂದರು ಮೆಲ್ಲಗೆ.

ಬೆರಳಿದ್ದ ಜಾಗಕ್ಕೇ ತುಟಿಯಿಟ್ಟು, ಕಣ್ಣು ಮುಚ್ಚಿ ಕುಡಿಯತೊಡಗಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಾಯಸ ಎಂದೋ ಮುಗಿದಿತ್ತು, ಅವರು ಕಪ್ ಇಳಿಸಲಿಲ್ಲ.